ಟೆಕ್ಸನ್ ಪಿಎಲ್-310ಇಟಿ ರೇಡಿಯೋ, ಮೂರು ಆಂಟೆನಾ ಮತ್ತು ಸುರತ್ಕಲ್‌ನ ಟೆರೇಸು

ಈ ರೇಡಿಯೋ ತಗೊಂಡು ಎರಡು ಬೇಸಿಗೆ ಆಯ್ತು. ದೂರದ ಎಫ್‌ಎಂ ಸ್ಟೇಷನ್ ಹಿಡಿಯಲಿಕ್ಕೆ ಅಂತಲೇ ತಗೊಂಡದ್ದು, ಹಾಗಾಗಿ ಆಂಟೆನಾ ಬಿಟ್ಟು ಬರೀ ರೇಡಿಯೋ ಬಗ್ಗೆ ಹೇಳಿದ್ರೆ ಅರ್ಧ ಹೇಳಿದ ಹಾಗೆ. ಹೊಸದಾಗಿ ಶುರು ಮಾಡುವವರಿಗೆ ಇದು ಉಪಯೋಗ ಆದ್ರೆ ನನಗೆ ತುಂಬಾ ಖುಷಿ.

ಮೊದಲು ರೇಡಿಯೋ. ಕೈಯಲ್ಲಿ ಹಿಡಿಯುವಷ್ಟೇ ಸೈಜ್, ಮೂರು ಎಎ ಸೆಲ್ಲು, ಫ್ರೀಕ್ವೆನ್ಸಿ ನಂಬರ್ ಒತ್ತಿದ್ರೆ ಸೀದಾ ಅಲ್ಲಿಗೇ ಹೋಗ್ತದೆ. ನನಗೆ ಎಲ್ಲಕ್ಕಿಂತ ಇಷ್ಟ ಆದದ್ದು ಡಿಸ್‌ಪ್ಲೇಯಲ್ಲಿ ಬರುವ ಎರಡು ಅಂಕಿ, ಒಂದು ಸಿಗ್ನಲ್ ಎಷ್ಟು ಜೋರು ಅಂತ, ಇನ್ನೊಂದು ಗದ್ದಲಕ್ಕಿಂತ ಅದು ಎಷ್ಟು ಮೇಲೆ ಉಂಟು ಅಂತ. ಆಂಟೆನಾ ಒಂದು ಗೇಣು ಆಚೀಚೆ ಮಾಡಿದ್ರೂ ಅಂಕಿ ಬದಲಾಗ್ತದೆ, ಕಿವಿಗೆ ಗೊತ್ತಾಗುವ ಮೊದಲು ಕಣ್ಣಿಗೆ ಗೊತ್ತಾಗ್ತದೆ. ಒಳಗೆ ಡಿಎಸ್‌ಪಿ ಚಿಪ್, ಅಂದ್ರೆ ಸಿಗ್ನಲನ್ನು ಅಂಕಿ ಮಾಡಿ ಸೋಸುವ ಚಿಪ್, ಇರುವ ಕಾರಣ ಪಕ್ಕಪಕ್ಕದ ಸ್ಟೇಷನ್ ಬೇರೆ ಮಾಡುವುದು ಈ ಸೈಜಿಗೆ ಒಳ್ಳೆದೇ. ಆರ್‌ಡಿಎಸ್ ಇಲ್ಲ, ಸ್ಟೇಷನ್ ಹೆಸರು ತೋರಿಸುವುದಿಲ್ಲ, ನಾವೇ ಕೇಳಿ ಗುರುತು ಹಿಡಿಯಬೇಕು. ಆಟೋ ಸ್ಕ್ಯಾನ್ ವೀಕ್ ಸ್ಟೇಷನ್‌ಗಳನ್ನು ಹಾರಿಸಿಕೊಂಡು ಹೋಗ್ತದೆ, ಅದನ್ನು ನಂಬಬೇಡಿ, ಕೈಯಲ್ಲೇ ತಿರುಗಿಸಿ. ಹೆಡ್‌ಫೋನ್ ಹಾಕಿದಾಗ ಸ್ಟೀರಿಯೋ ಆಫ್ ಮಾಡಿ, ಅರ್ಧ ಸುಯ್ ಸದ್ದು ಅಲ್ಲೇ ಹೋಗ್ತದೆ.

ಮೊದಲನೇ ಆಂಟೆನಾ ರೇಡಿಯೋದ್ದೇ ಉದ್ದ ಕಡ್ಡಿ, ಅದರಲ್ಲಿ ಮನೆ ಒಳಗೆ ಮಂಗಳೂರಿನ ಸ್ಟೇಷನ್‌ಗಳು ಬಿಟ್ಟು ಬೇರೆ ಹೆಚ್ಚೇನೂ ಸಿಗಲಿಲ್ಲ. ಅದೇ ರೇಡಿಯೋ ಟೆರೇಸಿಗೆ ತಗೊಂಡು ಹೋದೆ, 90.4ರಲ್ಲಿ ರೇಡಿಯೋ ಮಣಿಪಾಲ್ ಬಂತು, ಹೆಚ್ಚುಕಮ್ಮಿ 40 ಕಿಲೋಮೀಟರ್ ದೂರದ ಸಣ್ಣ ಕಮ್ಯುನಿಟಿ ಸ್ಟೇಷನ್. ಒಂದು ರುಪಾಯಿ ಖರ್ಚಿಲ್ಲದೆ! ಎಫ್‌ಎಂ ಅಲೆ ಹೆಚ್ಚುಕಮ್ಮಿ ನೇರಕ್ಕೇ ಹೋಗುವುದು, ಎತ್ತರಕ್ಕೆ ಹೋದಷ್ಟೂ ದೂರದ್ದು ಕಾಣ್ತದೆ ಅಷ್ಟೇ. ಹಾಗಾಗಿ ಯಾರು ಕೇಳಿದ್ರೂ ನಾನು ಮೊದಲು ಹೇಳುವುದು ಇದನ್ನೇ, ಮೊದಲು ಮೇಲೆ ಹತ್ತಿ, ಆಮೇಲೆ ದುಡ್ಡು ಬಿಚ್ಚಿ.

ಎರಡನೇದ್ದು ಡೈಪೋಲ್, ಅಂದ್ರೆ ಎರಡು ತಂತಿ ಒಂದೇ ಗೆರೆಯಲ್ಲಿ ಆಚೀಚೆ ಚಾಚಿದ ಆಂಟೆನಾ. ಮನೆ ವಯರಿಂಗಿನ ತಂತಿಯ ಎರಡು ತುಂಡು, ಒಂದೊಂದು 73 ಸೆಂಟಿಮೀಟರ್, ಪಿವಿಸಿ ಪೈಪಿಗೆ ಕಟ್ಟಿ ನಡುವಿನಿಂದ ಕೇಬಲ್ ಟಿವಿಯ 75 ಓಮ್ ವಯರ್ ಕೆಳಗೆ ಬಿಟ್ಟೆ. ಲೆಕ್ಕ ಸುಲಭ, 143ನ್ನು ಮೆಗಾಹರ್ಟ್ಸ್‌ನಿಂದ ಭಾಗಿಸಿದ್ರೆ ಒಟ್ಟು ಉದ್ದ ಮೀಟರ್‌ನಲ್ಲಿ ಬರ್ತದೆ, ಬ್ಯಾಂಡಿನ ನಡುವೆ 98 ಅಂತ ಹಿಡಿದ್ರೆ 1.46 ಮೀಟರ್. ತಂತಿ ಪೂರ್ವ ಪಶ್ಚಿಮವಾಗಿ ಮಲಗಿಸಿದ್ರೆ ಉತ್ತರ ದಕ್ಷಿಣದ್ದು ಕೇಳ್ತದೆ. ಇದರಲ್ಲಿ 101.5ರ ಕಣ್ಣೂರು ಆಕಾಶವಾಣಿ ದಿನಾ ಬರಲಿಕ್ಕೆ ಶುರುವಾಯ್ತು, ಸುಮಾರು 140 ಕಿಲೋಮೀಟರ್. ಹೊಸಬರಿಗೆ ಇದು ಧಾರಾಳ ಸಾಕು, ಆರು ತಿಂಗಳಾದ್ರೂ ಇದರಲ್ಲೇ ಕೇಳಿ.

ಇಲ್ಲಿ ನಾನೊಂದು ತಪ್ಪು ಮಾಡಿದೆ. ಅಂಗಡಿಯಲ್ಲಿ ಬೂಸ್ಟರ್, ಅಂದ್ರೆ ಸಿಗ್ನಲ್ ಹಿಗ್ಗಿಸುವ ಡಬ್ಬಿ, ಹಾಕಿದ್ರೆ ಡಬಲ್ ಆಗ್ತದೆ ಅಂದ್ರು, ತಂದು ಹಾಕಿದೆ. ಕದ್ರಿ ಗುಡ್ಡ ನಮಗೆ ಹದಿನೈದು ಕಿಲೋಮೀಟರ್ ಒಳಗೇ, ಅಲ್ಲಿಂದ ಬರುವ 100.3ರ ಮಂಗಳೂರು ಆಕಾಶವಾಣಿ ಮೊದಲೇ ಜೋರು, ಬೂಸ್ಟರ್ ಹಾಕಿದ ಮೇಲೆ ಅದು ಎಲ್ಲೆಲ್ಲೋ ತಲೆ ಹಾಕ್ಲಿಕ್ಕೆ ಶುರು ಮಾಡಿತು, ಕಣ್ಣೂರು ಪೂರಾ ಮುಚ್ಚಿಹೋಯ್ತು. ಊರಿನ ಸ್ಟೇಷನ್ ಹತ್ತಿರ ಇರುವವರು ಬೂಸ್ಟರ್ ತಗೊಳ್ಳಲೇಬೇಡಿ. ದೂರದ್ದನ್ನು ಹಿಗ್ಗಿಸುವಾಗ ಅದು ಹತ್ತಿರದ್ದನ್ನೂ ಅಷ್ಟೇ ಹಿಗ್ಗಿಸ್ತದೆ.

ಮೂರನೇದ್ದು ಯಾಗಿ, ಅಂದ್ರೆ ಕಡ್ಡಿಗಳನ್ನು ಸಾಲಾಗಿ ಜೋಡಿಸಿ ಒಂದೇ ದಿಕ್ಕಿಗೆ ಮುಖ ಮಾಡುವ ಆಂಟೆನಾ, ನನ್ನದು ಮೂರು ಕಡ್ಡಿಯದ್ದು, ಅಳತೆ ಬರೆದುಕೊಟ್ಟು ಅಲ್ಯುಮಿನಿಯಂ ಫ್ಯಾಬ್ರಿಕೇಶನ್‌ನವರ ಹತ್ತಿರ ಮಾಡಿಸಿದ್ದು. ಹಳೇ ದೂರದರ್ಶನದ ಆಂಟೆನಾ ಅಟ್ಟದಲ್ಲಿ ಉಂಟು, ಅದೇ ಆಗುವುದಿಲ್ವಾ ಅಂತ ತುಂಬಾ ಜನ ಕೇಳ್ತಾರೆ. ಗಿಡ್ಡ ಕಡ್ಡಿಯದ್ದು 174ರಿಂದ 230 ಮೆಗಾಹರ್ಟ್ಸ್‌ಗೆ ಮಾಡಿದ್ದು, ಕಡ್ಡಿ ಒಂದು ಮೀಟರೂ ಇರುವುದಿಲ್ಲ, ನಮಗೆ ಬೇಕಾದದ್ದು ಒಂದೂವರೆ ಮೀಟರಿನ ಹತ್ತಿರ ಹತ್ತಿರ. ಅದರ ಡಬ್ಬಿಯೊಳಗೆ 300 ಓಮ್ ಅನ್ನು 75ಕ್ಕೆ ಇಳಿಸುವ ಸಣ್ಣ ಟ್ರಾನ್ಸ್‌ಫಾರ್ಮರ್ ಮಾತ್ರ ತೆಗೆದಿಟ್ಟುಕೊಳ್ಳಿ, ಯಾಗಿಯ ನಡುವಿನ ಕಡ್ಡಿಯನ್ನು ಎರಡೂ ತುದಿ ಬಗ್ಗಿಸಿ ಮಡಚಿದ ಡೈಪೋಲ್ ಮಾಡಿದ್ರೆ ಅದು ಬೇಕಾಗ್ತದೆ.

ಯಾಗಿ ಅಂದ್ರೆ ಜಾಸ್ತಿ ಎಳೀತದೆ ಅಂತಲೇ ಎಲ್ಲರೂ ಹೇಳುವುದು. ನನ್ನ ಪ್ರಕಾರ ಅದರ ನಿಜವಾದ ಬೆಲೆ ಬೆನ್ನಲ್ಲಿ ಉಂಟು, ಹಿಂದಿನಿಂದ ಬರುವುದನ್ನು ಅದು ತಡೀತದೆ. ಏಪ್ರಿಲ್‌ನ ಒಂದು ಬೆಳಗ್ಗೆ, ಗಾಳಿ ಇಲ್ಲ, ಸಮುದ್ರದ ಮೇಲೆ ಮಬ್ಬು, 102.3 ಇಟ್ಟು ಯಾಗಿ ಕಟ್ಟಿದ ಪೈಪನ್ನು ಉತ್ತರಕ್ಕೆ ತಿರುಗಿಸಿದ್ದೆ, ಕಾರವಾರ ಆಕಾಶವಾಣಿ ಬರ್ತಾ ಇತ್ತು, ಹೆಂಗಸರ ದನಿಯಲ್ಲಿ ಭಕ್ತಿಗೀತೆ. ಅದರ ಅಡಿಯಲ್ಲಿ ಬೇರೆ ಏನೋ ಗುಣುಗುಣು. ಇಬ್ಬನಿಯಲ್ಲಿ ಪೈಪ್ ತಣ್ಣಗೆ ಒದ್ದೆ ಆಗಿತ್ತು, ಎರಡೂ ಕೈಯಲ್ಲಿ ಹಿಡಿದು ನಿಧಾನ ತಿರುಗಿಸ್ತಾ ಬಂದೆ, ಪಶ್ಚಿಮಕ್ಕೆ ಬರುವಾಗ ಹಾಡು ತೆಳುವಾಯ್ತು, ಎರಡೂ ಸೇರಿ ಕಲಸಿಹೋಯ್ತು, ದಕ್ಷಿಣಕ್ಕೆ ಮುಟ್ಟುವಾಗ ಸ್ವಚ್ಛ ಮಲಯಾಳ, ವಾರ್ತೆ ಓದ್ತಾ ಇದ್ದಾರೆ. ಕೊಚ್ಚಿ ಆಕಾಶವಾಣಿಯದ್ದೂ 102.3ಯೇ, ನಮ್ಮಲ್ಲಿಂದ 370 ಕಿಲೋಮೀಟರ್ ಹತ್ತಿರ. ವಾರ್ತೆ ಎಲ್ಲಾ ಸ್ಟೇಷನ್‌ನಲ್ಲೂ ಒಂದೇ ಬರುವ ಕಾರಣ ಅಷ್ಟಕ್ಕೇ ಬರ್ಕೊಳ್ಳಲಿಲ್ಲ, ಸ್ಟೇಷನ್ ಹೆಸರು ಹೇಳುವ ತನಕ ಪೈಪ್ ಬಿಡದೆ ನಿಂತೆ. ಹೇಳಿದ್ರು. ಒಂದೇ ನಂಬರಿನಲ್ಲಿ ಎರಡು ಊರು, ಕೈ ತಿರುಗಿಸಿದ ಹಾಗೆ. ಡೈಪೋಲ್‌ನಲ್ಲಿ ಇದು ಆಗುವುದೇ ಇಲ್ಲ, ಅದಕ್ಕೆ ಮುಂದೆ ಹಿಂದೆ ಎರಡೂ ಒಂದೇ.

ಮಳೆಗಾಲಕ್ಕೆ ಮೊದಲು ಹೀಗೆ ಆಗುವುದಕ್ಕೆ ಕಾರಣ ಉಂಟು. ನೆಲದ ಕಡೆಯಿಂದ ಬರುವ ಬಿಸಿ ಒಣ ಗಾಳಿ ಸಮುದ್ರದ ತಂಪು ತೇವದ ಗಾಳಿ ಮೇಲೆ ಮುಚ್ಚಳದ ಹಾಗೆ ಕೂರ್ತದೆ, ಅಲೆ ಅದರ ಅಡಿಯಲ್ಲಿ ಬಗ್ಗಿ ಬಗ್ಗಿ ದೂರ ಹೋಗ್ತದೆ. ಎರಡನೇ ಮಹಾಯುದ್ಧದ ಕಾಲದಲ್ಲಿ ಬೊಂಬಾಯಿ ಹತ್ತಿರದ ರೇಡಾರ್‌ನಲ್ಲಿ ಬೇಸಿಗೆಯಲ್ಲಿ ಅರೇಬಿಯಾದ ಕರಾವಳಿಯೇ ಕಾಣಿಸಿತ್ತಂತೆ, ಅದೇ ನಮ್ಮ ಅರಬ್ಬೀ ಸಮುದ್ರ ಮಾರಾಯ್ರೆ.

ಆದ್ರೆ ಯಾಗಿ ಎಲ್ಲದಕ್ಕೂ ಮದ್ದಲ್ಲ. ನಮ್ಮಲ್ಲಿಂದ ಕದ್ರಿ, ಕಣ್ಣೂರು, ಕೊಚ್ಚಿ ಮೂರೂ ಹೆಚ್ಚುಕಮ್ಮಿ ಒಂದೇ ದಿಕ್ಕು, ಕೊಚ್ಚಿಗೆ ಮುಖ ಮಾಡಿದ್ರೆ ಮಂಗಳೂರಿನ ಸ್ಟೇಷನ್‌ಗಳೂ ಎದುರಿಗೇ ಬರ್ತವೆ. ಉತ್ತರಕ್ಕೆ ತಿರುಗಿಸಿದಾಗ ಮಾತ್ರ ಅವು ಬೆನ್ನಿಗೆ ಬೀಳ್ತವೆ. ಹಾಗಾಗಿ ಆಂಟೆನಾ ತಗೊಳ್ಳುವ ಮೊದಲು ಮ್ಯಾಪ್ ತೆಗೆದು ನಿಮ್ಮ ಊರಿನ ಟವರ್ ಎಲ್ಲಿ, ಬೇಕಾದ ಊರು ಯಾವ ಕಡೆ ಅಂತ ಒಂದು ಗೆರೆ ಎಳೆದು ನೋಡಿ. ಎರಡೂ ಒಂದೇ ಗೆರೆಯಲ್ಲಿದ್ರೆ ಯಾಗಿಗೆ ಹಾಕುವ ದುಡ್ಡು ಪೈಪಿನ ಎತ್ತರಕ್ಕೆ ಹಾಕಿ. ಬಾಡಿಗೆ ಮನೆಯವರು, ಫ್ಲ್ಯಾಟಿನವರು ಡೈಪೋಲನ್ನೇ ಬಾಲ್ಕನಿಯಲ್ಲಿ ಕಟ್ಟಿ, ಮನೆಯವರೂ ಬೈಯುವುದಿಲ್ಲ.

ಮತ್ತೆ ಸಿಡಿಲು. ಏಪ್ರಿಲ್ ಮೇ ಸಂಜೆ ನಮ್ಮ ಕಡೆ ಗುಡುಗು ಹೇಗೆ ಅಂತ ಗೊತ್ತುಂಟಲ್ಲ, ಮೋಡ ಕಟ್ಟುವ ಮೊದಲೇ ವಯರ್ ತೆಗೆದು ಮನೆಯಿಂದ ಹೊರಗೆ ಬಿಟ್ಟುಬಿಡಿ, ಗುಡುಗು ಕೇಳಿದ ಮೇಲೆ ಟೆರೇಸಿಗೆ ಹೋಗಲೇಬೇಡಿ.

ಈ ಬೇಸಿಗೆಯಲ್ಲಿ 105.4ರಲ್ಲಿ ಎರಡು ಸಲ ಕೊಂಕಣಿ ಹಾಡು ಬಂತು, ಗೋವಾ ಆಕಾಶವಾಣಿಯ ಎಫ್‌ಎಂ ರೈನ್‌ಬೋ ಇರಬೇಕು, ಹೆಸರು ಹೇಳುವ ಮೊದಲೇ ಎರಡು ಸಲವೂ ಹೋಯ್ತು. ನೋಟ್‌ಬುಕ್ಕಿನಲ್ಲಿ ತಾರೀಕು, ಟೈಮು ಬರ್ದು ಪಕ್ಕದಲ್ಲಿ ಪ್ರಶ್ನಾರ್ಥಕ ಚಿಹ್ನೆ ಹಾಕಿಟ್ಟಿದ್ದೇನೆ.