ನಾಣ್ಯದ ಫೋಟೋಗೆ ಮೈಕ್ರೋಸ್ಕೋಪ್ ಬೇಕಾ? ಜೇಬಲ್ಲಿ ಒಂದು ನಾಣ್ಯ ಇಟ್ಟುಕೊಂಡೇ ಅಂಗಡಿಗೆ ಹೋಗಿ

ನಮ್ಮಜ್ಜ ಮುಂಬೈಯ ಫೋರ್ಟ್‌ನಲ್ಲಿ ಸಣ್ಣ ಹೋಟೆಲ್ ನಡೆಸುತ್ತಿದ್ದರು. ಗಲ್ಲಾಕ್ಕೆ ಬಂದ ಹಳೇ ಬೆಳ್ಳಿ ರೂಪಾಯಿಗಳನ್ನು ಬೇರೆ ತೆಗೆದು ಒಂದು ಹಾರ್ಲಿಕ್ಸ್ ಬಾಟಲಿಗೆ ಹಾಕುತ್ತಿದ್ದರಂತೆ. ಆ ಬಾಟಲಿ ಈಗ ಡೊಂಬಿವಲಿಯ ನಮ್ಮ ಮನೆಯಲ್ಲಿದೆ. ಅದರಲ್ಲಿ ವಿಕ್ಟೋರಿಯಾ ರಾಣಿಯ ರೂಪಾಯಿ ಒಂಬತ್ತು. ಒಂಬತ್ತರ ಮೇಲೂ ಇಸವಿ 1862.

ಆ ಇಸವಿಯನ್ನು ನಂಬುವ ಹಾಗಿಲ್ಲ. 1874ರವರೆಗೂ ಟಂಕಸಾಲೆಯಲ್ಲಿ ಅದೇ 1862 ಅಂತಲೇ ಅಚ್ಚು ಹೊಡೆದರು. ಇಸವಿಯ ಹತ್ತಿರ ಇರುವ ಸಣ್ಣ ಚುಕ್ಕಿಗಳನ್ನೂ ನೋಡಿ ಯಾವ ಬಗೆ ಅಂತ ಗುರುತಿಸಬೇಕು. ಮಾಟುಂಗದ ಗೆಳೆಯರೊಬ್ಬರು, "ಚುಕ್ಕಿ ಸ್ಪಷ್ಟವಾಗಿ ಕಾಣುವ ಫೋಟೋ ಕಳಿಸಿ ಮಾರಾಯ್ರೆ, ಹೇಳ್ತೇನೆ" ಅಂದರು. ನನ್ನ ಕಷ್ಟ ಶುರುವಾಗಿದ್ದು ಅಲ್ಲಿಂದ.

ಮೊದಲು ಆನ್‌ಲೈನಲ್ಲಿ 1,900 ರೂಪಾಯಿಗೆ ಯುಎಸ್‌ಬಿ ಮೈಕ್ರೋಸ್ಕೋಪ್ ತರಿಸಿದೆ. ಡಬ್ಬದ ಮೇಲೆ 1000 ಪಟ್ಟು ಅಂತ ದಪ್ಪಕ್ಷರ. ಚಿತ್ರವನ್ನು ಕಂಪ್ಯೂಟರ್ ಪರದೆಯಲ್ಲಿ ಎಳೆದು ದೊಡ್ಡದು ಮಾಡಿದ್ದನ್ನೂ ಸೇರಿಸಿದ ಲೆಕ್ಕ ಅದು. ಲೆನ್ಸಿನ ಸುತ್ತ ಎಂಟು ಸಣ್ಣ ಎಲ್‌ಇಡಿ. ಬೆಳ್ಳಿಯ ಮೇಲೆ ಆ ಎಂಟೂ ಹೊಳೆದವು. ಚುಕ್ಕಿ ಎಣಿಸಲು ಹೋದರೆ ಬಲ್ಬಿನ ಚುಕ್ಕಿಗಳೇ ಎಂಟು!

ಹೋಗಲಿ, ಅಂಗಡಿಯಲ್ಲೇ ನೋಡಿ ತಗೊಳ್ಳೋಣ ಅಂತ ಒಂದು ಶನಿವಾರ ಲೋಕಲ್ ಹಿಡಿದು ಹೋದೆ. ಅಂಗಡಿಯ ಹೆಸರು ಬೇಡ. ನಾಣ್ಯದ ಫೋಟೋ ತೆಗೆಯಬೇಕು ಅಂತ ಬಿಡಿಸಿ ಹೇಳಿದೆ. "ಸಾಬ್, ಇಸ್ಮೇ ಸಬ್ ದಿಖೇಗಾ" (ಇದರಲ್ಲಿ ಎಲ್ಲಾ ಕಾಣುತ್ತೆ) ಅಂತ ಅಂಗಡಿಯವನು ಒಂದು ಮೈಕ್ರೋಸ್ಕೋಪ್ ತೋರಿಸಿದ. ಕಣ್ಣಿಗೆ ಎರಡು ಕೊಳವೆ, ಕ್ಯಾಮೆರಾಗೆ ಮೂರನೆಯದು, 5 ಮೆಗಾಪಿಕ್ಸೆಲ್ ಕ್ಯಾಮೆರಾ, ಎಲ್ಲಾ ಸೇರಿ 14,500. ನನ್ನ ಬಳಿ ನಾಣ್ಯ ಇರಲಿಲ್ಲ. ಅವನು ತೋರಿಸಿದ್ದು ಯಾವುದೋ ಎಲೆಯ ಸ್ಲೈಡ್. ಎಷ್ಟು ಚೆಂದ ಕಂಡಿತು ಅಂತೀರಿ!

ಮನೆಗೆ ಬಂದು ರೂಪಾಯಿ ಇಟ್ಟು ನೋಡಿದರೆ ಬರೀ ಕಪ್ಪು. ಬೆಳಕು ಬರುವುದು ಕೆಳಗಿನಿಂದ. ಬೆಳಕು ತೂರಿಹೋಗುವಂಥ ತೆಳು ವಸ್ತುಗಳಿಗಾಗಿ, ಕಾಲೇಜು ಲ್ಯಾಬಿಗೆ ಮಾಡಿದ ಯಂತ್ರ ಅದು. ದೋಸೆ ಕಾವಲಿಯ ಕೆಳಗೆ ಟಾರ್ಚ್ ಹಿಡಿದು ಮೇಲಿಂದ ಇಣುಕಿದ ಹಾಗಾಯಿತು. ಪಕ್ಕದಿಂದ ಮೊಬೈಲ್ ಟಾರ್ಚ್ ಬಿಟ್ಟೆ. ಎಲ್ಲಕ್ಕಿಂತ ಕಡಿಮೆ ಶಕ್ತಿಯ 4 ಪಟ್ಟಿನ ಲೆನ್ಸಲ್ಲೂ ಕಂಡಿದ್ದು ನಾಲ್ಕೂವರೆ ಮಿ.ಮೀ. ಅಗಲ ಮಾತ್ರ. ನಾಣ್ಯದ ಅಗಲವೋ, ಸುಮಾರು 30 ಮಿ.ಮೀ. ಕ್ಯಾಮೆರಾದೊಳಗೆ ಚಿತ್ರ ಹಿಡಿಯುವ ಸೆನ್ಸರ್ ಚಿಕ್ಕದು, ಅದಕ್ಕೆ ಸಿಕ್ಕಿದ್ದು ಅದರಲ್ಲೂ ನಡುವಿನ ತುಣುಕು. ಕ್ಯಾಮೆರಾಗೆ ಇನ್ನೂ ಅಗಲ ಕಾಣಬೇಕಾದರೆ ಕೊಳವೆಗೂ ಅದಕ್ಕೂ ಮಧ್ಯೆ ಚಿತ್ರ ಕುಗ್ಗಿಸುವ 0.5ರ ಲೆನ್ಸ್ ಬೇಕಂತೆ, ಅದಕ್ಕೆ ಬೇರೆ ದುಡ್ಡು.

ಅಲ್ಲಿಗೇ ನಿಲ್ಲಿಸಿದ್ದರೆ ಹೋಗಿದ್ದು ದುಡ್ಡು ಮಾತ್ರ. ನನಗೆ ಹಠ. 40ರ ಲೆನ್ಸ್ ತಿರುಗಿಸಿದೆ. ಅದು ಸ್ಪಷ್ಟವಾಗಿ ಕಾಣಬೇಕಾದರೆ ವಸ್ತುವಿಗೂ ಲೆನ್ಸಿಗೂ ಮಧ್ಯೆ ಒಂದು ಮಿ.ಮೀ. ಜಾಗವೂ ಇರುವುದಿಲ್ಲ ಅಂತ ಆಗ ಗೊತ್ತಿರಲಿಲ್ಲ. ಇನ್ನು ಬೆಳಕು ಎಲ್ಲಿಂದ ಒಳಗೆ ಹೋಗಬೇಕು? ಕತ್ತಲಲ್ಲೇ ಕಣ್ಣಿಟ್ಟು, ತಟ್ಟೆ ಮೇಲೇರಿಸುವ ತಿರುಪು ತಿರುಗಿಸುತ್ತಾ ಹೋದೆ. ಕರ್ ಅಂತ ಸಣ್ಣ ಸದ್ದು. ನಾಣ್ಯ ತೆಗೆದು ಕಿಟಕಿಯ ಬೆಳಕಿಗೆ ಹಿಡಿದರೆ 6 ಮತ್ತು 2ರ ನಡುವೆ ಕೂದಲೆಳೆಯಷ್ಟು ಹೊಸ ಗೀರು. ನೂರೈವತ್ತು ವರ್ಷದ ಬೂದು ಬಣ್ಣದ ಮಧ್ಯೆ ಫಳಫಳ. ನನ್ನಾಕೆ, "ಸ್ವಲ್ಪ ಹಲ್ಲುಪುಡಿ ಹಾಕಿ ತಿಕ್ಕಿದರೆ ಹೋಗಲ್ವಾ?" ಅಂದಳು. ದಯವಿಟ್ಟು ಯಾರೂ ಹಾಗೆ ಮಾಡಬೇಡಿ, ತಿಕ್ಕಿದ ನಾಣ್ಯದ ಬೆಲೆ ಇಳಿಯುತ್ತದೆ.

ಅಂಗಡಿಯವನು ಡಬ್ಬ ಒಡೆದ ಮಾಲು ವಾಪಸ್ ಇಲ್ಲ ಅಂದ.

ಆಮೇಲೆ ಬುದ್ಧಿ ಬಂತು. ಇಡೀ ನಾಣ್ಯದ ಫೋಟೋಗೆ ಮೈಕ್ರೋಸ್ಕೋಪೇ ಬೇಡ. ಸಾಧಾರಣ ಡಿಎಸ್‌ಎಲ್‌ಆರ್ ಸೆನ್ಸರಿನ ಎತ್ತರ ಸುಮಾರು 15 ಮಿ.ಮೀ. ರೂಪಾಯಿ ಅದರಲ್ಲಿ ಅರ್ಧ ಗಾತ್ರದಲ್ಲಿ ಬಿದ್ದರೆ ಸಾಕು, ಸಣ್ಣ ವಸ್ತುಗಳನ್ನು ಹತ್ತಿರದಿಂದ ತೆಗೆಯುವ 100 ಮಿ.ಮೀ. ಮ್ಯಾಕ್ರೋ ಲೆನ್ಸಿಗೆ ಅದು ಸುಲಭ. ಅಲುಗದ ಸ್ಟ್ಯಾಂಡು, ಎರಡು ಸೆಕೆಂಡಿನ ಟೈಮರ್, ಎಡಕ್ಕೊಂದು ಬಲಕ್ಕೊಂದು ಟೇಬಲ್ ಲ್ಯಾಂಪು, ಲ್ಯಾಂಪಿನ ಮುಂದೆ ಟ್ರೇಸಿಂಗ್ ಪೇಪರ್. ಹಳೇ ಲೆನ್ಸಿಗೆ ಫೋರ್ಟಿನ ಬೋರಾ ಬಜಾರಿಗೆ ಹೋಗುವವರು ಹಿಂದಿನಿಂದ ಟಾರ್ಚ್ ಬಿಟ್ಟು ನೋಡಿ. ಜೇಡನ ಬಲೆಯಂಥ ಎಳೆ ಕಂಡರೆ ಅದು ಫಂಗಸ್. ಮುಂಬೈ ಮಳೆಗಾಲ ಕಂಡ ಲೆನ್ಸುಗಳಲ್ಲಿ ಇದು ಮಾಮೂಲು.

ಚುಕ್ಕಿ ನೋಡಲು ಬೇಕಾದದ್ದು ಸ್ಟೀರಿಯೋ ಮೈಕ್ರೋಸ್ಕೋಪ್, ಅಂದರೆ ಎರಡು ಕಣ್ಣಿಗೂ ಬೇರೆ ಬೇರೆ ದಾರಿ ಇರುವಂಥದ್ದು. 10 ಪಟ್ಟು, 20 ಪಟ್ಟು ಧಾರಾಳ ಆಯಿತು. ನನ್ನದರಲ್ಲಿ ಲೆನ್ಸಿಗೂ ನಾಣ್ಯಕ್ಕೂ ಮಧ್ಯೆ 10 ಸೆಂ.ಮೀ. ಜಾಗ ಇದೆ, ದೀಪ ಬೇಕಾದ ಕಡೆಯಿಂದ ಓರೆಯಾಗಿ ಬಿಡಬಹುದು. ಇದರಲ್ಲೂ ಒಂದು ಕಿರಿಕಿರಿ ಇದೆ. ಕ್ಯಾಮೆರಾ ನೋಡುವುದು ಒಂದು ಕಣ್ಣಿನ ಓರೆ ದಾರಿಯಿಂದ. ಹಾಗಾಗಿ ಚಿತ್ರದ ಒಂದು ಅಂಚು ಸ್ಪಷ್ಟ, ಎದುರಿನ ಅಂಚು ಮಸುಕು. ನಾನು ನಾಣ್ಯದ ಒಂದು ಪಕ್ಕದ ಕೆಳಗೆ ಮದುವೆ ಕಾರ್ಡಿನ ಚೂರು ಮಡಚಿ ಇಟ್ಟು ಸರಿ ಮಾಡುತ್ತೇನೆ.

ಅಂಗಡಿಯಲ್ಲಿ ಎಷ್ಟು ಪಟ್ಟು ಅಂತ ಕೇಳಬೇಡಿ. ಎಷ್ಟು ಮಿ.ಮೀ. ಅಗಲ ಕಾಣುತ್ತದೆ, ಲೆನ್ಸಿನ ಕೆಳಗೆ ಎಷ್ಟು ಜಾಗ ಉಳಿಯುತ್ತದೆ ಅಂತ ಕೇಳಿ. ಸ್ಕೇಲ್ ಇಟ್ಟು ನೀವೇ ಅಳೆಯಿರಿ. ಸ್ಲೈಡ್ ತೋರಿಸಲು ಬಂದರೆ ಬೇಡ ಅನ್ನಿ, ನಿಮ್ಮ ನಾಣ್ಯವನ್ನೇ ಇಡಿಸಿ, ಕ್ಯಾಮೆರಾ ಚಿತ್ರವನ್ನು ಪರದೆಯಲ್ಲಿ ನೋಡಿದ ಮೇಲೆ ದುಡ್ಡು ಕೊಡಿ.

ಆ 14,500ರ ಯಂತ್ರವನ್ನು ಮೇಲಿನ ಮನೆಯ ಹುಡುಗಿ ಬಿಎಸ್‌ಸಿ ಪ್ರಾಕ್ಟಿಕಲ್‌ಗೆ ಅಂತ ಒಯ್ದಿದ್ದಾಳೆ. ಈರುಳ್ಳಿ ಸಿಪ್ಪೆ ಭಾರೀ ಚೆನ್ನಾಗಿ ಕಾಣುತ್ತದಂತೆ.