ಸರ್ವರ್ ರೂಮಿಗೆ ಸಿಮ್ ಹಾಕುವ ಅಲಾರಂ: ತಗೊಳ್ಳಿ, ಆದರೆ ಸೆನ್ಸರ್ ಎಲ್ಲಿ ಕಟ್ತಾರೆ ಅಂತ ನಿಂತು ನೋಡಿ

ತುಮಕೂರಿನಲ್ಲಿ ಫೈಬರ್ ಇಂಟರ್ನೆಟ್ ಕನೆಕ್ಷನ್ ಕೊಡುವ ಕೆಲಸ ನಮ್ಮದು. ಎಸ್.ಎಸ್. ಪುರಂನಲ್ಲಿ ಒಂದು ಸಣ್ಣ ರೂಮು, ಒಳಗೆ ಮೆಷಿನ್‌ಗಳನ್ನು ಜೋಡಿಸಿಟ್ಟ ಒಂದು ರ್‍ಯಾಕ್, ಯುಪಿಎಸ್, ಬ್ಯಾಟರಿಗಳು, ಒಂದು ಎಸಿ. ರಾತ್ರಿ ಯಾರೂ ಇರುವುದಿಲ್ಲ. ಕರೆಂಟ್ ಹೋದರೆ ಮೆಷಿನ್‌ಗಳು ಯುಪಿಎಸ್ ಮೇಲೆ ಓಡುತ್ತಲೇ ಇರುತ್ತವೆ, ಎಸಿ ಮಾತ್ರ ನಿಲ್ಲುತ್ತದೆ, ಮುಚ್ಚಿದ ರೂಮಿನಲ್ಲಿ ಬಿಸಿ ಏರುತ್ತಾ ಹೋಗುತ್ತದೆ. ಏಪ್ರಿಲ್‌ನಲ್ಲಂತೂ ಕೇಳಲೇಬೇಡಿ. ಅದಕ್ಕೇ ಈ ಬಾಕ್ಸ್ ಹಾಕಿಸಿದ್ದು.

ಇದು ಲೋಕಲ್ ಆಗಿ ಜೋಡಿಸಿದ್ದು, ಬ್ರ್ಯಾಂಡ್ ಏನಿಲ್ಲ. ಬಿಸಿ, ತೇವ, ನೆಲದ ಮೇಲೆ ನೀರು, ಕರೆಂಟ್ ಹೋಗುವುದು, ಬಾಗಿಲು ತೆಗೆಯುವುದು, ಎಲ್ಲಕ್ಕೂ ಸೆನ್ಸರ್ ಇದೆ. ನನಗೆ ತುಂಬಾ ಹಿಡಿಸಿದ್ದು ಅದು ಫೋನ್ ಮಾಡುವುದು. ವೈಫೈ ಸೆನ್ಸರ್ ಅಗ್ಗಕ್ಕೆ ಸಿಗುತ್ತದೆ, ಆ್ಯಪ್‌ನಲ್ಲಿ ಗ್ರಾಫ್ ಚೆನ್ನಾಗಿ ಕಾಣುತ್ತದೆ, ಆದರೆ ರೂಟರ್ ಇರುವುದೂ ಅದೇ ರೂಮಿನಲ್ಲಿ ಅಲ್ವಾ? ಅದು ಕೈ ಕೊಟ್ಟರೆ ಅಲಾರಂ ಕಳಿಸುವವರು ಯಾರು? ಇದಕ್ಕೆ ಸ್ವಂತ ಸಿಮ್, ಸ್ವಂತ ಬ್ಯಾಟರಿ ಇದೆ. ಯಾರಾದರೂ ಎತ್ತುವ ತನಕ ಒಂದಾದ ಮೇಲೊಂದು ನಂಬರಿಗೆ ಕರೆ ಮಾಡುತ್ತದೆ.

ತಗೊಳ್ಳುವ ಮೊದಲು ಒಳಗೆ ಸಿಮ್ ಕೂರುವ ಮಾಡ್ಯೂಲ್ 2ಜಿನಾ 4ಜಿನಾ ಕೇಳಿ. ಜಿಯೋಗೆ 2ಜಿ ಇಲ್ಲ, ಹಾಗಾಗಿ 2ಜಿ ಬಾಕ್ಸಿನಲ್ಲಿ ಆ ಸಿಮ್ ನಡೆಯುವುದಿಲ್ಲ. ಸ್ವಲ್ಪ ಜಾಸ್ತಿ ಆದರೂ 4ಜಿಯದೇ ಒಳ್ಳೆಯದು.

ಫಿಟಿಂಗ್ ವಿಷಯಕ್ಕೆ ಮಾತ್ರ ನನಗೆ ಬೇಜಾರಿದೆ. ಬಂದ ಹುಡುಗರು ಸೆನ್ಸರನ್ನು ಎಸಿ ಕೆಳಗಿನ ಗೋಡೆಗೆ ಅಂಟಿಸಿ ಹೊರಟಿದ್ದರು. ಅಲ್ಲಿ 22 ಡಿಗ್ರಿ ತೋರಿಸುತ್ತಿತ್ತು, ರ್‍ಯಾಕ್ ಮುಂದೆ ಹಿಡಿದರೆ 31! ಸರ್ವರ್ ರೂಮಿಗೆ ಹೇಳುವ 18ರಿಂದ 27 ಡಿಗ್ರಿ ಲೆಕ್ಕ ಇರುವುದು ಮೆಷಿನ್ ಒಳಗೆಳೆದುಕೊಳ್ಳುವ ಗಾಳಿಗೆ, ಗೋಡೆಗಲ್ಲ. ಅವರನ್ನೇ ವಾಪಸ್ ಕರೆಸಿ ರ್‍ಯಾಕ್ ಮುಂಭಾಗದಲ್ಲಿ, ಮೇಲಿನ ಮೆಷಿನ್ ಎತ್ತರಕ್ಕೆ ಕಟ್ಟಿಸಿದೆ. ಇನ್ನೊಂದನ್ನು ಬ್ಯಾಟರಿ ಪಕ್ಕ ಹಾಕಿಸಿದೆ. ಯುಪಿಎಸ್‌ನ ಸೀಲ್ಡ್ ಬ್ಯಾಟರಿಗೆ 25 ಡಿಗ್ರಿ ಸರಿ, ಅದರ ಮೇಲೆ ಸುಮಾರು 10 ಡಿಗ್ರಿ ಏರಿದ ಹಾಗೇ ಇದ್ದರೆ ಆಯಸ್ಸು ಅರ್ಧಕ್ಕೆ ಇಳಿಯುತ್ತದೆ. ಬ್ಯಾಟರಿ ಬೆಲೆ ಗೊತ್ತಿರುವವರಿಗೆ ಇದು ಅರ್ಥ ಆಗುತ್ತದೆ.

ತೇವದ ಸೆನ್ಸರ್ ನೀಲಿ ಬಣ್ಣದ ಪುಟ್ಟ ಡಬ್ಬಿಯಾಗಿದ್ದರೆ ಅದು ಡಿಎಚ್‌ಟಿ11 ಅನ್ನುವ ಮಾದರಿ, ಬಿಸಿ, ತೇವ ಎರಡನ್ನೂ ಅಳೆಯುತ್ತದೆ. ಬಿಸಿಯಲ್ಲೇ 2 ಡಿಗ್ರಿ ಆಚೀಚೆ ಆಗಬಹುದು. ಬಿಳಿ ಬಣ್ಣದ ಡಿಎಚ್‌ಟಿ22 ಕೇಳಿ ಹಾಕಿಸಿಕೊಳ್ಳಿ, ಅರ್ಧ ಡಿಗ್ರಿಯೊಳಗೆ ಇರುತ್ತದೆ.

ನಾವು 28 ಡಿಗ್ರಿಗೆ ಮೆಸೇಜ್, 32ಕ್ಕೆ ಕರೆ ಅಂತ ಇಟ್ಟಿದ್ದೇವೆ. ಐದು ನಿಮಿಷ ತಡ ಕೊಟ್ಟಿದ್ದೇವೆ, ಇಲ್ಲದಿದ್ದರೆ ಬಾಗಿಲು ಸ್ವಲ್ಪ ಹೊತ್ತು ತೆರೆದಿದ್ದರೂ ಸುಮ್ನೆ ಫೋನ್ ಹೊಡೆಯುತ್ತದೆ. ಹಾಗೆ ಪದೇ ಪದೇ ಬಂದರೆ ನಿಜವಾದ ಕರೆ ಬಂದಾಗ ನಮ್ಮ ಹುಡುಗರು ಎತ್ತುವುದಿಲ್ಲ.

ನೀರಿನ ಸೆನ್ಸರ್ ಬೇಕಾ ಅಂತ ಕೇಳುವವರಿಗೆ: ಬೇಕು. ಎಸಿ ಡ್ರೈನ್ ಪೈಪ್ ಪಾಚಿ ಕಟ್ಟಿಕೊಂಡು ಒಳಗೇ ತೊಟ್ಟಿಕ್ಕಲು ಶುರುವಾದಾಗ, ನೆಲದ ಸೆನ್ಸರ್ ಪಟ್ಟಿಗೆ ನಾಲ್ಕು ಹನಿ ಬೀಳುವಷ್ಟರಲ್ಲಿ ಫೋನ್ ಬಂತು. ಯುಪಿಎಸ್ ಒಂದು ಅಡಿ ದೂರದಲ್ಲಿತ್ತು.

ಹಣ ಕೊಡುವ ಮೊದಲು ಅವರ ಎದುರಿಗೇ ಹೇರ್ ಡ್ರೈಯರ್ ಹಿಡಿದು, ಮೇನ್ ಆಫ್ ಮಾಡಿ, ಕರೆ ಬರುತ್ತಾ ನೋಡಿ. ದಿನಾ ಬೆಳಗ್ಗೆ ಒಂದು ಮೆಸೇಜ್ ಬರುವ ಹಾಗೆ ಸೆಟ್ ಮಾಡಿಸಿ. ಅದು ಬರದ ದಿನ ಸಿಮ್ ರೀಚಾರ್ಜ್ ಮುಗಿದಿರಬಹುದು ಅಂತ ಗೊತ್ತಾಗುತ್ತದೆ, ಇಲ್ಲದಿದ್ದರೆ ಅದು ಸುಲಭಕ್ಕೆ ತಿಳಿಯುವುದಿಲ್ಲ.