ಮೇಲೆ 128 ಜಿಬಿ ಅಂತ ಬರೆದಿತ್ತು, ಒಳಗಿದ್ದದ್ದು 16

ಮೆಮೊರಿ ಕಾರ್ಡ್ ತಗೊಳ್ಳೋಕೆ ಅಂತ ಅಂಗಡಿಗೆ ಹೊರಟಿದ್ದರೆ ಒಂದೈದು ನಿಮಿಷ ತಡೀರಿ, ಇದನ್ನು ಓದಿಕೊಂಡು ಹೋಗಿ. ನನ್ನ ಜೇಬಿನಿಂದ ಹೋಗಿದ್ದು 350 ರೂಪಾಯಿ. ಅದರ ಬಗ್ಗೆ ಬೇಜಾರಿಲ್ಲ.

ನಮ್ಮೂರು ಮುಧೋಳ ತಾಲೂಕು, ನಾನಿರೋದು ಬಾಗಲಕೋಟೆ ನವನಗರದಲ್ಲಿ. ನಮ್ಮ ಕಾಕಾ ಮೂವತ್ತು ವರ್ಷದಿಂದ ಊರ ಶ್ರೀಕೃಷ್ಣ ಪಾರಿಜಾತ ಬಯಲಾಟದಲ್ಲಿ, ಬುಟ್ಟಿ ಹೊತ್ತು ಕಣಿ ಹೇಳುವ ಕೊರವಂಜಿಯ ವೇಷ ಕಟ್ಟುತ್ತಾ ಬಂದವರು. ಮೊಣಕಾಲು ಮಾತು ಕೇಳುತ್ತಿಲ್ಲ, ಈ ಜಾತ್ರೆಗೆ ಕುಣಿದಿದ್ದೇ ಕೊನೆ ಅಂತ ಅವರೇ ಹೇಳಿಬಿಟ್ಟಿದ್ದರು. ನನ್ನನ್ನು ಕರೆದು, "ತಮ್ಮಾ, ಈ ಸಲ ಪೂರಾ ಹಿಡದಿಡು ನೋಡು" ಅಂದರು. ಆಟ ರಾತ್ರಿಯೆಲ್ಲಾ ನಡೆಯುತ್ತದೆ. ನನ್ನ ಫೋನಿನ ಒಳಗಿನ 64 ಜಿಬಿಯಲ್ಲಿ ಮುಕ್ಕಾಲು ಭಾಗ ವಾಟ್ಸಾಪಿನ ಶುಭೋದಯವೇ ತುಂಬಿಕೊಂಡಿತ್ತು. ಕಾರ್ಡ್ ಬೇಕೇ ಬೇಕು.

ಇದು ಜಾತ್ರೆಗೆ ಎರಡು ತಿಂಗಳು ಮುಂಚಿನ ಮಾತು. ಬಸ್ಸಿಗೆ ಇನ್ನೂ ಹೊತ್ತಿತ್ತು, ಸುಮ್ನೆ ಒಂದು ಮೊಬೈಲ್ ಅಂಗಡಿಗೆ ಹೊಕ್ಕೆ. ಯಾವ ಅಂಗಡಿ ಅಂತ ಕೇಳಬೇಡಿ, ಹೇಳುವುದಿಲ್ಲ, ಅಂಥವು ಎಲ್ಲಾ ಊರಲ್ಲೂ ಇವೆ. ಚಾರ್ಜರ್ ವೈರುಗಳ ನಡುವೆ ಕಾರ್ಡುಗಳನ್ನು ಮಾಲೆ ಥರ ನೇತುಹಾಕಿದ್ದರು. ಎಲ್ಲರಿಗೂ ಗೊತ್ತಿರುವ ಕಂಪನಿಯ ಹೆಸರು, ಹೊಳೆಯುವ ಪ್ಯಾಕೆಟ್. ಬೇರೆ ಕಡೆ ಸಾವಿರದ ಹತ್ತಿರ ಹೇಳಿದ 128 ಜಿಬಿ ಕಾರ್ಡು ಇಲ್ಲಿ 350.

"ಒರಿಜಿನಲ್ ಐತೇನ್ರಿ?" ಅಂದೆ.

"ಏನ್ ಸರ್ ಹಂಗ ಕೇಳ್ತೀರಿ, ನಿನ್ನೆ ಒಂದ ದಿನಕ್ಕ ಹತ್ತು ಪೀಸ್ ಹೋದುವು."

ಹತ್ತು ಪೀಸ್ ಹೋಗುವುದಕ್ಕೂ ಅಸಲಿಯಾಗುವುದಕ್ಕೂ ಏನು ಸಂಬಂಧ ಅಂತ ಆಗ ಹೊಳೆಯಲಿಲ್ಲ. ಫೋನ್‌ಪೇ ಮಾಡಿ ಬಸ್ ಹಿಡಿದೆ. ಬಿಲ್ ಕೇಳಲಿಲ್ಲ.

ನಾನು ಪೂರಾ ದಡ್ಡ ಅಂದುಕೊಳ್ಳಬೇಡಿ, ಮನೆಗೆ ಬಂದು ಪರೀಕ್ಷೆ ಮಾಡಿದ್ದೆ. ಫೋನಿನಲ್ಲಿ 128 ತೋರಿಸಿತು. ಲ್ಯಾಪ್‌ಟಾಪಿಗೆ ಹಾಕಿದರೆ 119. ಆ ಒಂಬತ್ತರ ವ್ಯತ್ಯಾಸ ಮೋಸ ಅಲ್ಲ, ಕಾರ್ಡ್ ಮಾಡುವವರು ಸಾವಿರದ ಲೆಕ್ಕದಲ್ಲಿ ಎಣಿಸುತ್ತಾರೆ, ವಿಂಡೋಸ್ 1024ರ ಲೆಕ್ಕದಲ್ಲಿ ಎಣಿಸುತ್ತದೆ, ಅಸಲಿ ಕಾರ್ಡಿಗೂ ಹಾಗೇ ಬರುತ್ತದೆ. ನಾಲ್ಕಾರು ಜಿಬಿ ಹಾಡು ಹಾಕಿದೆ, ಚೆನ್ನಾಗಿ ಹಾಡಿತು. ಎರಡು ತಿಂಗಳು ಫೋಟೋ ತೆಗೆದೆ, ಎಲ್ಲಾ ತೆರೆಯುತ್ತಿದ್ದವು. ಇನ್ನೇನು ನೋಡಬೇಕು ಹೇಳಿ?

ಜಾತ್ರೆ ರಾತ್ರಿ ಪವರ್ ಬ್ಯಾಂಕ್ ಸಿಕ್ಕಿಸಿಕೊಂಡು ಅಗಸಿ (ಊರ ಹೆಬ್ಬಾಗಿಲು) ಮುಂದೆ ಕೂತೆ. ಪ್ರಸಂಗಕ್ಕೊಂದು ಅಂತ ಬಿಡಿಬಿಡಿಯಾಗಿ ನಾಲ್ಕು ತಾಸು ಚಿತ್ರ ಹಿಡಿದೆ. ನನ್ನ ಫೋನಿನಲ್ಲಿ ಫುಲ್ ಎಚ್‌ಡಿ ಇಟ್ಟರೆ ನಿಮಿಷಕ್ಕೆ 130 ಎಂಬಿ ಹತ್ತಿರ ತಿನ್ನುತ್ತದೆ, ನಾಲ್ಕು ತಾಸಿಗೆ ಸುಮಾರು 31 ಜಿಬಿ ಆಯಿತು. ಒಮ್ಮೆಯೂ ಫೋನ್ ತಕರಾರು ಮಾಡಲಿಲ್ಲ. ಪ್ರತಿ ಸಲ ನಿಲ್ಲಿಸಿದಾಗಲೂ ಸೇವ್ ಆಯಿತು ಅಂತಲೇ ತೋರಿಸಿತು, ಗ್ಯಾಲರಿಯಲ್ಲಿ ಕಾಕಾನ ಬುಟ್ಟಿ ಹೊತ್ತ ಚಿತ್ರ ಸಣ್ಣದಾಗಿ ಕಾಣುತ್ತಲೂ ಇತ್ತು.

ಮರುದಿನ ಮಧ್ಯಾಹ್ನ ಮನೆಮಂದಿಯೆಲ್ಲಾ ಸುತ್ತ ಕೂತಾಗ ಮೊದಲ ತಾಸಿನದು ಚೆನ್ನಾಗಿ ಓಡಿತು. ಗಣಪತಿ ಸ್ತುತಿ, ಹಾರ್ಮೋನಿಯಂ, ಮುಂದೆ ಕೂತು ಅಳುವ ಪಕ್ಕದ ಮನೆ ಕೂಸು, ಎಲ್ಲಾ ಇದೆ. ಅಲ್ಲಿಂದ ಮುಂದಿನದು ಒಂದೂ ತೆರೆಯಲಿಲ್ಲ. ಮುಟ್ಟಿದರೆ ಕಪ್ಪು ಪರದೆ, "ಈ ಫೈಲ್ ತೆರೆಯಲಾಗದು". ಹೆಸರಿದೆ, ದಿನಾಂಕ ಇದೆ, 3 ಜಿಬಿ ಅಂತ ಗಾತ್ರವೂ ಇದೆ. ಕೊರವಂಜಿ ಬರುವ ಹೊತ್ತಿಗೆ ಕಾರ್ಡ್ ಸತ್ತು ಎಷ್ಟೋ ಹೊತ್ತಾಗಿತ್ತು. ಕಾಕಾ ಏನೂ ಅನ್ನಲಿಲ್ಲ. "ಇರಲಿ ಬಿಡೋ" ಅಂದು ಚಾ ಕುಡಿಯೋಕೆ ಎದ್ದು ಹೋದರು. ಬೈದಿದ್ದರೇ ಚೆನ್ನಾಗಿತ್ತು.

ಆಮೇಲೆ ರಿಕವರಿ ಹುಚ್ಚು ಹಿಡಿಯಿತು. ಫೋಟೋರೆಕ್ ಅಂತ ಒಂದು ಪುಕ್ಕಟೆ ತಂತ್ರಾಂಶ ಇದೆ, ಅಳಿಸಿಹೋದ ಫೈಲ್ ಹುಡುಕಿ ಕೊಡುತ್ತದೆ, ಅದರಲ್ಲಿ ಹುಡುಕಿದೆ. ಮೊದಲ ತಾಸಿನದೇ ಮತ್ತೆ ಮತ್ತೆ ಸಿಕ್ಕಿತು. ಒಬ್ಬರು 1500 ಕೊಡಿ, ಗ್ಯಾರಂಟಿ ತೆಗೆದುಕೊಡ್ತೀನಿ ಅಂದರು. ಕೊಡುವ ಮನಸ್ಸೂ ಆಗಿತ್ತು. ಅಷ್ಟರಲ್ಲಿ ಕಂಪ್ಯೂಟರ್ ಕೆಲಸ ಗೊತ್ತಿರುವ ಗೆಳೆಯ ತಡೆದ. ಅಳಿಸಿದ್ದನ್ನು ಹುಡುಕಬಹುದು ಮಾರಾಯಾ, ಬರೆದೇ ಇಲ್ಲದ್ದನ್ನು ಎಲ್ಲಿಂದ ತರ್ತಾರೆ ಅಂದ. ಇರುವಷ್ಟನ್ನು ಮೊದಲು ಲ್ಯಾಪ್‌ಟಾಪಿಗೆ ಇಳಿಸಿ, ಕಾರ್ಡ್ ಖಾಲಿ ಮಾಡಿ, ಎಚ್2ಟೆಸ್ಟ್‌ಡಬ್ಲ್ಯೂ (H2testw) ಅನ್ನುವ ಸಣ್ಣ ತಂತ್ರಾಂಶ ಹಚ್ಚಿದ. ಅದೂ ಪುಕ್ಕಟೆ. ಕಾರ್ಡಿನ ತುಂಬಾ ತನ್ನದೇ ಫೈಲ್ ಬರೆಯುತ್ತದೆ, ಆಮೇಲೆ ಬರೆದದ್ದನ್ನೇ ಓದಿ ಸರಿಯಿದೆಯಾ ನೋಡುತ್ತದೆ. ರಾತ್ರಿ ಹಚ್ಚಿ ಮಲಗಿದೆವು. ಬೆಳಿಗ್ಗೆ ಉತ್ತರ ಬಂದಿತ್ತು. 14.8 ಜಿಬಿ ಸರಿ ಇದೆ, ಉಳಿದ 104 ಜಿಬಿ ಡೇಟಾ ಹೋಗಿದೆ.

ಅಂದರೆ ಅದು 16 ಜಿಬಿ ಕಾರ್ಡು. ಪ್ರತಿ ಕಾರ್ಡಿನೊಳಗೂ ಒಂದು ಕಂಟ್ರೋಲರ್ ಇರುತ್ತದೆ, ನನ್ನಲ್ಲಿ ಇಷ್ಟು ಜಾಗ ಇದೆ ಅಂತ ಫೋನಿಗೆ ಹೇಳುವುದು ಅದೇ. ನಕಲಿ ಮಾಡುವವರು ಅದರ ಬಾಯಲ್ಲಿ ಸುಳ್ಳು ಹೇಳಿಸುತ್ತಾರೆ. ಹೊಲದ ಉತಾರದಲ್ಲಿ (ಪಹಣಿಯಲ್ಲಿ) ಎಂಟು ಎಕರೆ, ಹೋಗಿ ಅಳೆದರೆ ಒಂದೇ ಎಕರೆ, ಅದೇ ಕಥೆ. ಫೋನ್ ಉತಾರ ನೋಡಿ ನಂಬುತ್ತದೆ, ಹೊಲಕ್ಕೆ ಹೋಗಿ ಅಳೆಯುವುದಿಲ್ಲ. ಫೈಲುಗಳ ಹೆಸರು, ಗಾತ್ರದ ಪಟ್ಟಿ ಕಾರ್ಡಿನ ಶುರುವಿನ ಅಸಲಿ ಜಾಗದಲ್ಲಿ ಕೂತಿರುತ್ತದೆ, ಹಾಗಾಗಿ ಪಟ್ಟಿ ಸರಿಯಾಗೇ ಕಾಣುತ್ತದೆ. ಗ್ಯಾಲರಿಯ ಆ ಸಣ್ಣ ಚಿತ್ರಗಳನ್ನು ಫೋನ್ ತನ್ನೊಳಗೇ ಇಟ್ಟುಕೊಂಡಿತ್ತು, ಅದಕ್ಕೇ ಕಾಕಾನ ಬುಟ್ಟಿ ಕಂಡಿದ್ದು. ನನ್ನ ಕಾರ್ಡು 16 ದಾಟಿದ್ದನ್ನು ಗಾಳಿಗೆ ತೂರಿತು. ಇನ್ನು ಕೆಲವು ನಕಲಿ ಕಾರ್ಡುಗಳು ಮತ್ತೆ ಮೊದಲಿನಿಂದ ಬರೆಯಲು ಶುರುಮಾಡುತ್ತವೆ, ಆಗ ಹಳೇ ಫೋಟೋನೂ ಹೋಗುತ್ತದೆ. ಆ ಲೆಕ್ಕಕ್ಕೆ ನನ್ನದು ಸ್ವಲ್ಪ ಮರ್ಯಾದಸ್ತ ಕಳ್ಳ.

ತಲೆ ಚಚ್ಚಿಕೊಂಡಿದ್ದು ಆಮೇಲೆ. ಕಾರ್ಡಿನ ಮೇಲೆ 128 ಅಂತ ಇತ್ತು, ಪಕ್ಕದಲ್ಲಿ ಸಣ್ಣಗೆ ಎಚ್‌ಸಿ ಅಂತಲೂ ಇತ್ತು. ಎಸ್‌ಡಿ ಎಚ್‌ಸಿ ಅನ್ನುವ ಬಗೆ 32 ಜಿಬಿಗೆ ಮುಗಿಯುತ್ತದೆ. ಅದಕ್ಕಿಂತ ಮೇಲೆ 2 ಟಿಬಿವರೆಗೆ (ಒಂದು ಟಿಬಿ ಅಂದರೆ ಸಾವಿರ ಜಿಬಿ) ಎಕ್ಸ್‌ಸಿ ಅಂತಲೇ ಇರಬೇಕು. ಎಚ್‌ಸಿ ಗುರುತಿನ 128 ಜಿಬಿ ಕಾರ್ಡು ಅಂದರೆ ಅದು ಎರಡು ಚಕ್ರದ ಟ್ರ್ಯಾಕ್ಟರ್. ಇಷ್ಟು ದೊಡ್ಡ ಸುಳಿವು ಎರಡು ತಿಂಗಳು ಫೋನಿನೊಳಗೇ ಇತ್ತು! ಹಾಗಂತ ಎಕ್ಸ್‌ಸಿ ಅಂತ ಇದ್ದರೆ ಅಸಲಿ ಅಂತಲೂ ಅಲ್ಲ, ಎರಡಕ್ಷರ ಸರಿಯಾಗಿ ಅಚ್ಚು ಹಾಕಲು ಕಳ್ಳನಿಗೆ ಜಾಸ್ತಿ ಖರ್ಚಿಲ್ಲ.

ಅಂಗಡಿಗೆ ಹೋದೆ. ಒರಿಜಿನಲ್ ಅಂದವನೇ ಈಗ "ಚೈನಾ ಮಾಲ್ ಐತ್ರಿ, ಗ್ಯಾರಂಟಿ ಎಲ್ಲಿಂದ ತರೂದು" ಅಂದ. ಸ್ವಲ್ಪ ದನಿ ಏರಿಸಿದ ಮೇಲೆ ಅದೇ ಮಾಲೆಯಿಂದ ಇನ್ನೊಂದು ಹರಿದು ಕೊಟ್ಟ. ತಂದು ಪರೀಕ್ಷೆಗೆ ಹಚ್ಚಿದರೆ ಅದರೊಳಗೆ 8 ಜಿಬಿ! ಬಹುಶಃ ಅವನಿಗೂ ಗೊತ್ತಿರಲಿಕ್ಕಿಲ್ಲ, ಅವನಿಗೆ ತಂದು ಹಾಕಿದವನಿಗೆ ಗೊತ್ತಿರುತ್ತದೆ. ಆದರೆ ಗೊತ್ತಾದ ಮೇಲೂ ಆ ಮಾಲೆ ಅಲ್ಲೇ ನೇತಾಡುತ್ತಿತ್ತು ನೋಡಿ, ಅದಕ್ಕೆ ನಾನು ಮಾಫಿ ಕೊಡಲಾರೆ. ಫೋನ್‌ಪೇಯಲ್ಲಿ 350 ಹೋದದ್ದಕ್ಕೆ ಗುರುತಿದೆ, ಏನು ಕೊಂಡೆ ಅನ್ನುವುದಕ್ಕೆ ಇಲ್ಲ. ಕವರ್ ಕೊಂಡಿದ್ದೀರಿ ಅಂದರೆ ಮುಗೀತು.

ಅದಕ್ಕೇ ಹೇಳೋದು, ಕಂಪನಿ ಹೆಸರು, ಎಷ್ಟು ಜಿಬಿ ಅನ್ನೋದನ್ನು ಬರೆಸಿದ ಬಿಲ್ ಇಲ್ಲದೆ ತಗೊಳ್ಳಬೇಡಿ. ಬಿಲ್ ಇದ್ದರೆ ಗ್ರಾಹಕರ ಸಹಾಯವಾಣಿ 1915ಕ್ಕೆ ಫೋನ್ ಮಾಡಬಹುದು. ಅದರಲ್ಲಿ ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕರ ಆಯೋಗ ಇದೆ, ಎರಡು ವರ್ಷದೊಳಗೆ ದೂರು ಕೊಡಬೇಕು, 5 ಲಕ್ಷದವರೆಗಿನ ದೂರಿಗೆ ಶುಲ್ಕ ಇಲ್ಲ. 350ಕ್ಕೆ ಯಾರು ಓಡಾಡ್ತಾರೆ ಅನ್ನುತ್ತೀರಿ. ಅವರು ನಂಬಿಕೊಂಡಿರುವುದೂ ಅದನ್ನೇ.

ಇನ್ನು ಕಾರ್ಡಿನ ಮೇಲಿನ ಆ ಗುರುತುಗಳು. ವೃತ್ತದೊಳಗೆ 10 ಅಂದರೆ ಸೆಕೆಂಡಿಗೆ ಕನಿಷ್ಠ 10 ಎಂಬಿ ಬರೆಯಬೇಕು. ಯು ಅಕ್ಷರದೊಳಗೆ 3 ಇದ್ದರೆ ಅಥವಾ ವಿ30 ಅಂತಿದ್ದರೆ 30 ಎಂಬಿ. ಎ1, ಎ2 ಅನ್ನುವುದು ಆ್ಯಪ್‌ಗಳನ್ನು ಕಾರ್ಡಿನಲ್ಲಿ ಇಡುವವರಿಗೆ. ನಿಮಿಷಕ್ಕೆ 130 ಎಂಬಿ ಅಂದರೆ ಸೆಕೆಂಡಿಗೆ ಎರಡು ಚಿಲ್ಲರೆ ಎಂಬಿ ಆಯಿತು, ನನ್ನಂಥವರಿಗೆ ಹತ್ತರದ್ದೇ ಧಾರಾಳ. ಫೋರ್‌ಕೆ ವಿಡಿಯೋ ತೆಗೆಯುವವರು ಮಾತ್ರ ವಿ30 ನೋಡಲಿ. ವೇಗಕ್ಕೆ ಜಾಸ್ತಿ ಕೊಡುವ ಬದಲು ಅಸಲಿಗೆ ಕೊಡಿ. ನಿಮ್ಮ ಫೋನ್ ಎಷ್ಟು ಜಿಬಿವರೆಗೆ ತಗೊಳ್ಳುತ್ತದೆ ಅನ್ನುವುದನ್ನೂ ಮೊದಲೇ ನೋಡಿಕೊಳ್ಳಿ. ಕೆಲವು ಫೋನಿನಲ್ಲಿ ಎರಡನೇ ಸಿಮ್ ತೆಗೆದರೆ ಮಾತ್ರ ಕಾರ್ಡಿಗೆ ಜಾಗ. ನಮ್ಮಕ್ಕ ಕಾರ್ಡ್ ಕೊಂಡು ಬಂದ ಮೇಲೆ ಗೊತ್ತಾಗಿ ಅದನ್ನು ಮೂರು ತಿಂಗಳು ಪರ್ಸಿನಲ್ಲಿ ಇಟ್ಟುಕೊಂಡಿದ್ದಳು.

ಆನ್‌ಲೈನಿನಲ್ಲಿ 1 ಟಿಬಿ ಕಾರ್ಡು 400 ರೂಪಾಯಿ ಅಂತ ಬರುತ್ತಲ್ವಾ, ಅದನ್ನಂತೂ ಮುಟ್ಟಲೇಬೇಡಿ. ಆನ್‌ಲೈನ್ ಆಗಲಿ ಅಂಗಡಿ ಆಗಲಿ, ತಂದ ದಿನವೇ, ವಾಪಸ್ ಕೊಡುವ ಅವಧಿ ಮುಗಿಯುವ ಮುಂಚೆಯೇ, ಖಾಲಿ ಇರುವಾಗಲೇ ಪೂರ್ತಿ ತುಂಬಿಸಿ ನೋಡಿ. ವಿಂಡೋಸ್‌ಗೆ ಗೆಳೆಯ ಹಚ್ಚಿದ ಆ H2testw, ಲಿನಕ್ಸ್ ಇದ್ದವರಿಗೆ ಎಫ್3 (F3) ಅನ್ನುವ ಅಂಥದ್ದೇ ತಂತ್ರಾಂಶ. ಲ್ಯಾಪ್‌ಟಾಪ್ ಇಲ್ಲದಿದ್ದರೂ ಉಪಾಯ ಇದೆ. ಒಂದು ದೊಡ್ಡ ವಿಡಿಯೋವನ್ನು ಬೇರೆ ಬೇರೆ ಹೆಸರಲ್ಲಿ ಕಾರ್ಡು ತುಂಬುವವರೆಗೆ ನಕಲು ಮಾಡುತ್ತಾ ಹೋಗಿ. ಆಮೇಲೆ ಕಾರ್ಡ್ ತೆಗೆದು ಮತ್ತೆ ಹಾಕಿ, ಮೊದಲಿನದು, ನಡುವಿನದು, ಕೊನೆಯದು, ಎಲ್ಲವನ್ನೂ ಓಡಿಸಿ ನೋಡಿ. ಬೇಜಾರಿನ ಕೆಲಸ, ಮೂರು ನಾಲ್ಕು ತಾಸು ಹಿಡಿಯುತ್ತದೆ. ನಾನು ಆ ಎರಡು ತಿಂಗಳಲ್ಲಿ ಒಂದು ರಾತ್ರಿ ಇದನ್ನು ಮಾಡಿದ್ದರೆ ಸಾಕಿತ್ತು.

ಕೊನೆಗೊಂದು ವಿನಂತಿ. ಈ ಸಲದ ಜಾತ್ರೆಗೆ ಮುಧೋಳ ಕಡೆಯ ಯಾವುದೋ ಊರಿನ ಅಗಸಿ ಮುಂದೆ ಕೂತು ಪಾರಿಜಾತ ನೋಡಿದವರು ಇದನ್ನು ಓದುತ್ತಿರಬಹುದು. ಬೆಳಗಿನ ಜಾವ ಮೂರರ ಸುಮಾರಿಗೆ, ಕರೆಂಟ್ ಹೋಗಿ ಬಂದ ಮೇಲೆ, ಕೊರವಂಜಿ ಬಂದಾಗ ನನ್ನ ಹಿಂದೆ ಮೂರು ನಾಲ್ಕು ಫೋನು ಎದ್ದಿದ್ದು ನೆನಪಿದೆ. ಹತ್ತೇ ನಿಮಿಷದ್ದಿದ್ದರೂ ಪರವಾಗಿಲ್ಲ, ದನಿ ಸರಿಯಿಲ್ಲದಿದ್ದರೂ ಪರವಾಗಿಲ್ಲ. ಇದ್ದರೆ ತಿಳಿಸಿ, ನಾನೇ ಬಂದು ಇಳಿಸಿಕೊಂಡು ಹೋಗ್ತೀನಿ.